ಖರ್ಚು ಯಾರ ಲೆಕ್ಕಕ್ಕೆ?

ಕನ್ನಡದ ಮಕ್ಕಳಿಗೆ ನೀತಿಶಾಸ್ತ್ರದ ಮೊದಲ ಪಾಠ ಹಾಡಿನಲ್ಲಿ ಆಗುತ್ತದೆ. ಒಂದು ಗೋವಿನ ಹಾಡು, ಇನ್ನೊಂದು ಕೆರೆಗೆ ಹಾರ. ಎರಡನ್ನೂ ಕಟ್ಟಿದವರ ಹೆಸರು ಉಳಿದಿಲ್ಲ. ಎರಡರಲ್ಲೂ ಸಾವಿನ ಎದುರು ನಿಂತವಳು ಹೆಣ್ಣು. ಮೊದಲನೆಯದರಲ್ಲಿ ಪುಣ್ಯಕೋಟಿಯೆಂಬ ಹಸು ಅರ್ಬುತನೆಂಬ ಹುಲಿಗೆ ಮಾತು ಕೊಟ್ಟು ದೊಡ್ಡಿಗೆ ಬರುತ್ತಾಳೆ, ಕರುವಿಗೆ ಹಾಲೂಡಿಸುತ್ತಾಳೆ, ಉಳಿದ ಹಸುಗಳ ಕೈಗೆ ಅದನ್ನು ಒಪ್ಪಿಸಿ ಹುಲಿಯ ಗುಹೆಗೆ ಮರಳುತ್ತಾಳೆ. ಎರಡನೆಯದರಲ್ಲಿ ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ಹನಿ ನೀರು ಬರುವುದಿಲ್ಲ. ಹೊತ್ತಿಗೆ ತೆಗೆಸಿ ಕೇಳಿದರೆ, ಮನೆಯ ಸೊಸೆಯೊಬ್ಬಳನ್ನು ಆಹುತಿ ಕೊಡಬೇಕೆಂಬ ಉತ್ತರ ಬರುತ್ತದೆ. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರು ಎಂದು ಯೋಚಿಸಿ ಕಿರಿಯವಳಾದ ಭಾಗೀರಥಿಯನ್ನು ಆರಿಸುತ್ತಾರೆ. ಕೆರೆ ತುಂಬುತ್ತದೆ. ಎಷ್ಟು ಎಕರೆಗೆ ನೀರಾಯಿತೋ, ಎಷ್ಟು ದನಕರುಗಳ ದಾಹ ಹಿಂಗಿತೋ ಹಾಡು ಹೇಳುವುದಿಲ್ಲ. ಲಾಭ ದೊಡ್ಡದೇ ಆಗಿದ್ದೀತು. ಆದರೂ ಹಾಡು ಮುಗಿದಾಗ ಕೇಳಿದವರ ಎದೆಯಲ್ಲಿ ಉಳಿಯುವುದು ಕೆರೆಯಲ್ಲ.

ನೀತಿಯ ಬಗ್ಗೆ ಯೋಚಿಸಿದವರು ಬಹಳ ಕಾಲದಿಂದ ಎರಡು ಪಕ್ಷಗಳಾಗಿ ಒಡೆದುಕೊಂಡಿದ್ದಾರೆ. ಮಾಡಬೇಕಾದದ್ದನ್ನು ಮಾಡು, ಮಾಡಬಾರದ್ದನ್ನು ಮಾಡಬೇಡ, ಪರಿಣಾಮ ಏನಾದರೂ ಆಗಲಿ ಎನ್ನುವುದು ಒಂದು. ಇದನ್ನು ಕರ್ತವ್ಯಪಕ್ಷ ಎನ್ನೋಣ. ಕೆಲಸವೊಂದು ಸರಿಯೋ ತಪ್ಪೋ ಎಂಬುದು ಅದರಿಂದ ಲೋಕಕ್ಕಾಗುವ ಒಳಿತು ಕೆಡುಕುಗಳ ಮೊತ್ತದಿಂದ ಮಾತ್ರ ತೀರ್ಮಾನವಾಗಬೇಕು ಎನ್ನುವುದು ಇನ್ನೊಂದು. ಅದು ಫಲಪಕ್ಷ. ಮೊದಲನೆಯದರ ದೊಡ್ಡ ವಕ್ತಾರ ಜರ್ಮನಿಯ ಇಮ್ಯಾನುಯೆಲ್ ಕಾಂಟ್. ಎರಡನೆಯದಕ್ಕೆ ಇಂಗ್ಲೆಂಡಿನ ಜೆರೆಮಿ ಬೆಂಥಮ್ ಮತ್ತು ಜಾನ್ ಸ್ಟುವರ್ಟ್ ಮಿಲ್. ಮಿಲ್ 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ನೌಕರನಾಗಿದ್ದವನು. ಹೆಚ್ಚು ಜನರ ಹೆಚ್ಚು ಹಿತ ಎಂಬ ಲೆಕ್ಕಾಚಾರಕ್ಕೆ ಬಳಪ ಹಿಡಿದ ಕೈಯಲ್ಲೇ ನಮ್ಮ ದೇಶದ ಕಡತಗಳೂ ಇದ್ದವು. ಈ ಎರಡು ಪಕ್ಷಗಳ ನಡುವೆ ಯಾವುದು ಸರಿ ಎಂದು ಎರಡು ಶತಮಾನಗಳಿಂದ ಜಗಳ ನಡೆದಿದೆ. ಜಗಳದಲ್ಲಿ ಎರಡೂ ಕಡೆಯವರು ಒಂದು ಪ್ರಶ್ನೆಯನ್ನು ಕೇಳಬೇಕಾದಷ್ಟು ಗಟ್ಟಿಯಾಗಿ ಕೇಳಿಲ್ಲ ಎಂಬುದು ನನ್ನ ವಾದ. ಪ್ರಶ್ನೆ ಬಹಳ ಸಾದಾ: ಖರ್ಚು ಯಾರ ಲೆಕ್ಕಕ್ಕೆ? ಪುಣ್ಯಕೋಟಿ ತನ್ನ ಸತ್ಯಕ್ಕೆ ತನ್ನ ಮೈಯನ್ನೇ ಬೆಲೆಯಾಗಿ ಇಟ್ಟಳು. ಗೌಡನ ಮನೆಯವರು ತಮ್ಮ ಊರಿನ ಹಿತಕ್ಕೆ ಭಾಗೀರಥಿಯ ಮೈಯನ್ನು ಇಟ್ಟರು. ನಾವು ಒಬ್ಬಳಿಗೆ ಕೈ ಮುಗಿದು ಇನ್ನೊಬ್ಬಳಿಗಾಗಿ ಕಣ್ಣೀರು ಹಾಕುತ್ತೇವಲ್ಲ, ಆ ವ್ಯತ್ಯಾಸ ಕರ್ತವ್ಯಕ್ಕೂ ಫಲಕ್ಕೂ ಇರುವ ವ್ಯತ್ಯಾಸ ಮಾತ್ರ ಅಲ್ಲ.

ಮುಂದೆ ಹೋಗುವ ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಸಿಬಿಡಬೇಕು. ಭಗವದ್ಗೀತೆ ಫಲವನ್ನು ನೋಡಬೇಡ ಎನ್ನುತ್ತದೆ, ಆದ್ದರಿಂದ ಭಾರತೀಯರದು ಕಾಂಟನ ಪಕ್ಷವೇ ಎಂದು ವೇದಿಕೆಗಳಲ್ಲಿ ಆಗಾಗ ಕೇಳಿಬರುತ್ತದೆ. ಗೀತೆ ಬಿಡು ಎನ್ನುವ ಫಲ ಮಾಡಿದವನಿಗೆ ಬರುವ ಫಲ: ಅವನ ಕೂಲಿ, ಅವನ ಕೀರ್ತಿ, ಅವನ ಸ್ವರ್ಗ. ಮಾಡಿದ ಕೆಲಸದಿಂದ ಪಕ್ಕದವನ ಮನೆ ಬಿದ್ದರೂ ತಲೆ ಎತ್ತಿ ನೋಡಬೇಡ ಎಂದು ಅದು ಹೇಳಿಲ್ಲ. ಅದೇ ಗ್ರಂಥ ಲೋಕಸಂಗ್ರಹದ, ಅಂದರೆ ಲೋಕಹಿತದ, ಮಾತನ್ನೂ ಆಡುತ್ತದೆ. ಅಮರ್ತ್ಯ ಸೇನ್ 2009ರ ತಮ್ಮ ನ್ಯಾಯವಿಚಾರದ ಪುಸ್ತಕದಲ್ಲಿ ರಣರಂಗದಲ್ಲಿ ಕೈಚೆಲ್ಲಿ ಕುಳಿತ ಅರ್ಜುನನ ಪರವಾಗಿ ವಾದಿಸಿದ್ದಾರೆ. ಇಷ್ಟು ಜನ ಸಾಯುತ್ತಾರಲ್ಲ ಎಂಬ ಅವನ ಆತಂಕ ಹೇಡಿತನವಲ್ಲ, ವಿವೇಕ ಎಂಬುದು ಅವರ ನಿಲುವು. ಒಪ್ಪುವುದು ಬಿಡುವುದು ಬೇರೆ ಮಾತು. ನಮ್ಮ ಪರಂಪರೆ ಒಂದೇ ಪಕ್ಷದಲ್ಲಿ ಸಾಲಾಗಿ ಕುಳಿತಿಲ್ಲ ಎಂಬುದಂತೂ ನಿಜ.

ಅದಕ್ಕೆ ಮಹಾಭಾರತದ ಕರ್ಣಪರ್ವವೇ ಸಾಕ್ಷಿ. ಕರ್ಣನ ಬಾಣಗಳಿಂದ ಜರ್ಜರಿತನಾಗಿ ಬಿಡಾರಕ್ಕೆ ಬಂದ ಧರ್ಮರಾಯ, ಕರ್ಣನನ್ನು ಇನ್ನೂ ಕೊಂದಿಲ್ಲವೆಂಬ ಸಿಟ್ಟಿನಲ್ಲಿ, ಗಾಂಡೀವವನ್ನು ಬೇರೆಯವರಿಗೆ ಕೊಟ್ಟುಬಿಡು ಎಂದು ಅರ್ಜುನನಿಗೆ ಹೇಳುತ್ತಾನೆ. ಹಾಗೆಂದವರನ್ನು ಕೊಲ್ಲುತ್ತೇನೆಂಬ ಪ್ರತಿಜ್ಞೆ ಅರ್ಜುನನದು. ಅವನು ಅಣ್ಣನ ಮೇಲೆಯೇ ಕತ್ತಿ ಹಿರಿಯುತ್ತಾನೆ. ಆಗ ಕೃಷ್ಣ ಹೇಳುವುದು ಕೌಶಿಕನ ಕಥೆ. ನದಿಗಳು ಕೂಡುವ ಕಡೆ ವಾಸವಾಗಿದ್ದ ಕೌಶಿಕನಿಗೆ ಸದಾ ಸತ್ಯವನ್ನೇ ನುಡಿಯುವ ವ್ರತ. ಕಳ್ಳರಿಗೆ ಹೆದರಿ ಓಡಿಬಂದ ಜನ ಕಾಡಿನಲ್ಲಿ ಅಡಗುತ್ತಾರೆ. ಬೆನ್ನಟ್ಟಿ ಬಂದ ಕಳ್ಳರು ಈ ಸತ್ಯವಂತನನ್ನೇ ಕೇಳುತ್ತಾರೆ. ಅವನು ದಾರಿ ತೋರಿಸುತ್ತಾನೆ, ಅವರು ಹೋಗಿ ಕೊಲ್ಲುತ್ತಾರೆ. ಕೌಶಿಕ ನರಕಕ್ಕೆ ಹೋದ ಎಂದು ಕೃಷ್ಣ ಕಥೆ ಮುಗಿಸುತ್ತಾನೆ. ಸುಮ್ಮನಿದ್ದು ಪಾರಾಗುವ ಹಾಗಿದ್ದರೆ ಸುಮ್ಮನಿರಬೇಕಿತ್ತು, ಮಾತಾಡಲೇಬೇಕಾಗಿ ಬಂದಿದ್ದರೆ ಸುಳ್ಳೇ ಮೇಲಾಗಿತ್ತು ಎಂಬುದು ಅವನ ತೀರ್ಪು.

ಕುತೂಹಲದ ಸಂಗತಿ ಎಂದರೆ, ಹೆಚ್ಚುಕಡಿಮೆ ಇದೇ ಪ್ರಶ್ನೆ 1797ರಲ್ಲಿ ಯುರೋಪಿನಲ್ಲಿ ಎದ್ದಿತು. ಬೆಂಜಮಿನ್ ಕಾನ್ಸ್‌ಟೆಂಟ್ ಎಂಬ ಲೇಖಕ, ಸತ್ಯ ಹೇಳಬೇಕಾದದ್ದು ಸತ್ಯಕ್ಕೆ ಹಕ್ಕುದಾರನಾದವನಿಗೆ ಮಾತ್ರ, ಕೊಲೆಗಾರನಿಗೆ ಆ ಹಕ್ಕು ಎಲ್ಲಿಯದು ಎಂದು ಕೇಳಿದ. ಎಪ್ಪತ್ತು ದಾಟಿದ್ದ ಕಾಂಟ್ ಉತ್ತರ ಬರೆದ. ನಿನ್ನ ಗೆಳೆಯ ಮನೆಯೊಳಗೆ ಅಡಗಿದ್ದಾನೆ, ಕೊಲ್ಲಬಂದವನು ಬಾಗಿಲಲ್ಲಿ ನಿಂತು ಕೇಳುತ್ತಿದ್ದಾನೆ, ಆಗಲೂ ಸುಳ್ಳು ಹೇಳಕೂಡದು ಎಂದ. ಅದಕ್ಕೆ ಅವನು ಕೊಟ್ಟ ಒಂದು ಕಾರಣ ವಿಚಿತ್ರವಾಗಿದೆ. ಗೆಳೆಯ ಇಲ್ಲಿಲ್ಲ ಎಂದು ನೀನು ಸುಳ್ಳು ಹೇಳಿದೆ ಎನ್ನೋಣ. ಅಷ್ಟರಲ್ಲಿ ಅವನು ನಿನಗೆ ತಿಳಿಯದಂತೆ ಹಿಂಬಾಗಿಲಿನಿಂದ ಹೊರಗೆ ಹೋಗಿದ್ದಾನೆ. ಬೀದಿಗೆ ಹೊರಳಿದ ಕೊಲೆಗಾರನ ಕೈಗೆ ಸಿಕ್ಕಿ ಸತ್ತರೆ ಆ ಸಾವಿಗೆ ನೀನೇ ಹೊಣೆ. ಸತ್ಯ ಹೇಳಿದ್ದರೆ ಏನೇ ಆದರೂ ನೀನು ನಿರ್ದೋಷಿ. ಪರಿಣಾಮವನ್ನು ಎಣಿಸಬೇಡ ಎನ್ನುವವನೇ ಇಲ್ಲಿ ಹಿಂಬಾಗಿಲಿನಿಂದ ಪರಿಣಾಮವನ್ನು ಒಳಗೆ ತಂದಿದ್ದಾನೆ, ಅದೂ ತನಗೆ ಅನುಕೂಲವಾದ ಅರ್ಧವನ್ನು ಮಾತ್ರ. ಸುಳ್ಳಿನ ಪರಿಣಾಮ ಹೇಳಿದವನ ತಲೆಗೆ, ಸತ್ಯದ ಪರಿಣಾಮ ಗಾಳಿಗೆ. ಇಂಥ ಜಮಾಖರ್ಚಿನ ಪುಸ್ತಕವನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ.

ಕೌಶಿಕನ ತಪ್ಪನ್ನು ಈಗ ಸ್ವಲ್ಪ ಬೇರೆ ರೀತಿಯಲ್ಲಿ ಹೇಳಬಹುದು. ಸತ್ಯದ ವ್ರತ ಅವನದು, ವ್ರತಭಂಗವಾಗದ ತೃಪ್ತಿಯೂ ಅವನದು. ಅದಕ್ಕೆ ಬೆಲೆ ತೆತ್ತವರು ಕಾಡಿನಲ್ಲಿ ಅಡಗಿದ್ದವರು. ಅವರು ಯಾವ ವ್ರತವನ್ನೂ ಹಿಡಿದಿರಲಿಲ್ಲ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಹರಿಶ್ಚಂದ್ರನ ಕಥೆ ನಮ್ಮನ್ನು ಕಲಕುವುದೂ ಈ ಜಾಗದಲ್ಲೇ. ರಾಘವಾಂಕನ ಕಾವ್ಯದಲ್ಲಿ ಅವನು ರಾಜ್ಯ ಕಳೆದುಕೊಂಡು, ಕೊನೆಗೆ ಕಾಶಿಯ ಸುಡುಗಾಡಿನಲ್ಲಿ ವೀರಬಾಹುಕನ ಆಳಾದಾಗ ನಮಗೆ ಅವನು ದೊಡ್ಡವನೆನಿಸುತ್ತಾನೆ. ಆದರೆ ತನ್ನನ್ನು ಮಾರಿಕೊಳ್ಳುವ ಮೊದಲು ಅವನು ಮಾರಿದ್ದು ಚಂದ್ರಮತಿಯನ್ನು ಮತ್ತು ಲೋಹಿತಾಶ್ವನನ್ನು. ಅವರು ಮನಃಪೂರ್ವಕವಾಗಿ ಒಪ್ಪಿದರು ಎಂದು ಸಮಾಧಾನ ಹೇಳುವವರಿದ್ದಾರೆ. ಬಾಲಕ ಲೋಹಿತಾಶ್ವನ ಒಪ್ಪಿಗೆಗೆ ಎಷ್ಟು ಅರ್ಥವಿದೆ? ಆ ಕಾವ್ಯದ ಶಕ್ತಿ ಇರುವುದು, ನನ್ನ ಮಟ್ಟಿಗೆ, ಸತ್ಯ ಗೆಲ್ಲುತ್ತದೆಂಬ ಭರವಸೆಯಲ್ಲಲ್ಲ. ಸತ್ಯದ ಸಾಲವನ್ನು ಮಗುವಿನ ಹೆಗಲಿಗೂ ಹೊರಿಸಬೇಕಾಯಿತಲ್ಲ ಎಂಬ ಕಸಿವಿಸಿಯನ್ನು ಮುಚ್ಚಿಡದಿರುವುದರಲ್ಲಿ.

ಕರ್ತವ್ಯಪಕ್ಷದ ಬಗ್ಗೆ ಇಷ್ಟು ಕಠಿಣವಾಗಿ ಮಾತಾಡಿದ ಮೇಲೆ ಫಲಪಕ್ಷವನ್ನು ಸುಮ್ಮನೆ ಬಿಡುವ ಹಾಗಿಲ್ಲ. ಅದಕ್ಕೊಂದು ದೊಡ್ಡ ಗೌರವ ಸಲ್ಲಬೇಕೆಂಬುದನ್ನು ಮೊದಲೇ ಒಪ್ಪಿಕೊಳ್ಳೋಣ. ದೊರೆಯಾಗಲಿ ತಿರುಕನಾಗಲಿ ಎಣಿಕೆಯಲ್ಲಿ ಒಂದೇ, ಒಂದಕ್ಕಿಂತ ಹೆಚ್ಚಲ್ಲ ಎಂಬುದು ಬೆಂಥಮನ ಹೆಸರಿನಲ್ಲಿ ನಡೆದುಬಂದ ಸೂತ್ರ. ಹುಟ್ಟಿನ ಮೇಲೆ ಮನುಷ್ಯರ ಬೆಲೆ ಕಟ್ಟುತ್ತಿದ್ದ ಕಾಲದಲ್ಲಿ ಅದು ಕ್ರಾಂತಿಯೇ. ಮಲ್ಲನಗೌಡನ ಮನೆಯವರು ಈ ಸೂತ್ರವನ್ನೂ ಪಾಲಿಸಲಿಲ್ಲ ಎಂಬುದನ್ನು ಗಮನಿಸಿ. ಹಿರಿಯ ಸೊಸೆ ಅವರ ಎಣಿಕೆಯಲ್ಲಿ ಒಂದಕ್ಕಿಂತ ಹೆಚ್ಚಾಗಿದ್ದಳು. ಲೆಕ್ಕ ಹಾಕುವ ಕೈ ಮನೆಯ ಹಿರಿಯರದೇ ಆದಾಗ ಹೀಗಾಗುವುದು ಆಕಸ್ಮಿಕವಲ್ಲ.

1884ರ ಮಿನ್ಯೊನೆಟ್ ಹಡಗಿನ ಪ್ರಕರಣ ಇದನ್ನೇ ತೋರಿಸುತ್ತದೆ. ಇಂಗ್ಲೆಂಡಿನಿಂದ ಸಿಡ್ನಿಗೆ ಹೊರಟಿದ್ದ ಆ ಸಣ್ಣ ಹಡಗು ಜುಲೈ 5ರಂದು ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಮುಳುಗಿತು. ನಾಲ್ವರು ಒಂದು ತೆಪ್ಪದಂಥ ದೋಣಿಯಲ್ಲಿ ಉಳಿದರು: ಕಪ್ತಾನ ಡಡ್ಲಿ, ಸ್ಟೀಫನ್ಸ್, ಬ್ರೂಕ್ಸ್, ಮತ್ತು ಹದಿನೇಳರ ಹುಡುಗ ರಿಚರ್ಡ್ ಪಾರ್ಕರ್. ತಿನ್ನಲು ಎರಡು ಡಬ್ಬಿ ಟರ್ನಿಪ್ ಗೆಡ್ಡೆ, ಹಿಡಿದ ಒಂದು ಆಮೆ. ಕುಡಿಯುವ ನೀರಿಲ್ಲ. ಸುಮಾರು ಇಪ್ಪತ್ತು ದಿನಗಳಾದ ಮೇಲೆ, ಪಾರ್ಕರ್ ಕಾಯಿಲೆಯಿಂದ ಬಿದ್ದುಕೊಂಡಿದ್ದಾಗ, ಡಡ್ಲಿ ಸ್ಟೀಫನ್ಸನ ಒಪ್ಪಿಗೆಯಿಂದ ಅವನನ್ನು ಕೊಂದ. ಉಳಿದ ಮೂವರು ಅವನ ಮೈಯನ್ನು ತಿಂದು ಬದುಕಿದರು. ಕೆಲವೇ ದಿನಗಳಲ್ಲಿ ಜರ್ಮನ್ ಹಡಗೊಂದು ಅವರನ್ನು ಕಾಪಾಡಿತು. ಅವರ ಸಮಜಾಯಿಷಿ ಫಲಪಕ್ಷದ್ದೇ: ನಾಲ್ವರೂ ಸಾಯುವುದಕ್ಕಿಂತ ಒಬ್ಬ ಸತ್ತು ಮೂವರು ಉಳಿಯುವುದು ಮೇಲು, ಡಡ್ಲಿಗೂ ಸ್ಟೀಫನ್ಸನಿಗೂ ಹೆಂಡತಿ ಮಕ್ಕಳಿದ್ದರು, ಹುಡುಗ ಅನಾಥ, ಹೇಗೂ ಅವನು ಸಾಯುವವನಿದ್ದ. ಚೀಟಿ ಎತ್ತುವ ಮಾತು ದೋಣಿಯಲ್ಲಿ ಬಂದಿತ್ತು, ಎತ್ತಲಿಲ್ಲ. ಪಾರ್ಕರನನ್ನು ಕೇಳಲೂ ಇಲ್ಲ. ನ್ಯಾಯಮೂರ್ತಿ ಲಾರ್ಡ್ ಕೋಲ್‌ರಿಜ್ ಕೊಲೆಯೆಂದೇ ತೀರ್ಪು ಕೊಟ್ಟರು. ಜೀವಗಳ ಹೆಚ್ಚು ಕಡಿಮೆಯನ್ನು ಅಳೆಯುವ ಸೇರು ಯಾರ ಕೈಯಲ್ಲಿ, ಎಲ್ಲರಿಗಿಂತ ಬಲಹೀನನನ್ನೇ ಆರಿಸಿದ್ದೇಕೆ ಎಂಬುದು ಅವರ ಪ್ರಶ್ನೆಯ ತಾತ್ಪರ್ಯ. ಮರಣದಂಡನೆಯನ್ನು ಆಮೇಲೆ ಆರು ತಿಂಗಳ ಸೆರೆವಾಸಕ್ಕೆ ಇಳಿಸಲಾಯಿತು. ಶಿಕ್ಷೆಯಲ್ಲಿ ಕನಿಕರ, ತೀರ್ಪಿನಲ್ಲಿ ಬಿಗಿ. ಇದಕ್ಕಿಂತ ಹದವಾದ ನಿರ್ಧಾರ ಆ ನ್ಯಾಯಾಲಯಕ್ಕೆ ಸಾಧ್ಯವಿರಲಿಲ್ಲ ಎಂದು ನನಗೆ ತೋರುತ್ತದೆ.

ಹಾಗಾದರೆ ಹಲವರ ಹಿತಕ್ಕಾಗಿ ಒಬ್ಬರಿಗೆ ಅಪಾಯ ತಂದೊಡ್ಡುವುದು ಎಂದೂ ಸಲ್ಲದೇ? ಸಲ್ಲುತ್ತದೆ. ನಮ್ಮ ಕಾನೂನೇ ಒಪ್ಪುತ್ತದೆ. ಹಳಿಯ ಮೇಲೆ ಓಡಿಬರುವ ಟ್ರಾಮು, ಒಂದು ಕಡೆ ಐವರು, ಇನ್ನೊಂದು ಕಡೆ ಒಬ್ಬ ಎಂಬ ಒಗಟನ್ನು ಇಂಗ್ಲೆಂಡಿನ ಫಿಲಿಪ್ಪಾ ಫುಟ್ 1967ರಲ್ಲಿ ಮುಂದಿಟ್ಟಾಗಿನಿಂದ ಅದು ಪ್ರಪಂಚದ ಎಲ್ಲ ಕಾಲೇಜುಗಳಲ್ಲೂ ಓಡುತ್ತಿದೆ. ಅದಕ್ಕೆ ನೂರು ವರ್ಷ ಮೊದಲೇ, 1860ರ ಭಾರತೀಯ ದಂಡ ಸಂಹಿತೆಯ 81ನೇ ಕಲಮಿನಲ್ಲಿ ಆ ಒಗಟು ಉದಾಹರಣೆಯಾಗಿ ಕುಳಿತಿತ್ತು. ತನ್ನ ತಪ್ಪಿಲ್ಲದೆ ಹಡಗನ್ನು ನಿಲ್ಲಿಸಲಾಗದ ಸ್ಥಿತಿಗೆ ಬಂದ ಕಪ್ತಾನ. ಎದುರಿಗೆ ಇಪ್ಪತ್ತು ಮೂವತ್ತು ಜನರಿರುವ ದೋಣಿ. ದಿಕ್ಕು ಬದಲಿಸಿದರೆ ಇಬ್ಬರಿರುವ ದೋಣಿಗೆ ಅಪಾಯ. ದಿಕ್ಕು ಬದಲಿಸಿದವನು ಅಪರಾಧಿಯಲ್ಲ. ಈಗ ಅದೇ ಮಾತು ಭಾರತೀಯ ನ್ಯಾಯ ಸಂಹಿತೆಯ 19ನೇ ಕಲಮಿನಲ್ಲಿದೆ. ಈ ಕಪ್ತಾನನಿಗೂ ಡಡ್ಲಿಗೂ ಏನು ವ್ಯತ್ಯಾಸ? ಸಣ್ಣ ದೋಣಿ ಅಲ್ಲಿ ಇಲ್ಲದೇ ಹೋಗಿದ್ದರೂ ಕಪ್ತಾನನ ಉದ್ದೇಶ ನೆರವೇರುತ್ತಿತ್ತು, ಅವನಿಗೆ ಇನ್ನಷ್ಟು ನೆಮ್ಮದಿಯಾಗುತ್ತಿತ್ತು. ಪಾರ್ಕರ್ ಇಲ್ಲದಿದ್ದರೆ ಡಡ್ಲಿಯ ಉದ್ದೇಶವೇ ಇಲ್ಲ. ಭಾಗೀರಥಿ ಇಲ್ಲದಿದ್ದರೆ ಗೌಡನ ಕೆರೆ ಇಲ್ಲ. ಒಂದು ಕಡೆ ನಷ್ಟ ದಾರಿಯಲ್ಲಿ ಸಿಕ್ಕಿಬಿದ್ದದ್ದು. ಇನ್ನೊಂದು ಕಡೆ ಮನುಷ್ಯನೇ ಬಂಡವಾಳ. ಮನುಷ್ಯನನ್ನು ಬರೀ ಸಾಧನವಾಗಿ ಬಳಸಬಾರದೆಂದು ಕಾಂಟ್ 1785ರಲ್ಲಿ ಬರೆದಾಗ ಹೇಳಿದ್ದು ಇದನ್ನೇ. ಹನ್ನೆರಡು ವರ್ಷಗಳ ನಂತರ, ಬಾಗಿಲ ಹಿಂದೆ ಅಡಗಿದ್ದ ಗೆಳೆಯನ ವಿಷಯದಲ್ಲಿ, ಅವನಿಗೇ ಅದು ಮರೆತುಹೋಯಿತು.

ಇಲ್ಲಿ ಫಲಪಕ್ಷದವರು ಎದ್ದು ನಿಲ್ಲುತ್ತಾರೆ. ನೀವು ಹೇಳುತ್ತಿರುವುದು ನಮ್ಮ ಲೆಕ್ಕವನ್ನೇ. ನಷ್ಟ ಹಂಚಿಕೆಯಾಗಿರುವ ರೀತಿಗೂ ಒಂದಿಷ್ಟು ತೂಕ ಕೊಟ್ಟು ಕೂಡಿದರೆ ಆಯಿತು ಎನ್ನುತ್ತಾರೆ. ಈ ಆಕ್ಷೇಪ ಗಟ್ಟಿಯಾದದ್ದು. ಆದರೂ ಪೂರ್ತಿ ನಿಲ್ಲದು. ಭಾಗೀರಥಿಯ ದುಃಖಕ್ಕೆ ಹತ್ತರಷ್ಟು ತೂಕ ಕೊಟ್ಟು ನೋಡಿ, ಊರು ಇನ್ನೂ ದೊಡ್ಡದಾದರೆ ತಕ್ಕಡಿ ಮತ್ತೆ ಕೆರೆಯ ಕಡೆಗೇ ವಾಲುತ್ತದೆ. ನಮ್ಮ ಪ್ರಶ್ನೆ ಅವಳ ತೂಕವೆಷ್ಟು ಎಂಬುದಲ್ಲ, ಅವಳನ್ನು ತಕ್ಕಡಿಯಲ್ಲಿ ಕೂರಿಸುವ ಅಧಿಕಾರ ಯಾರಿಗೆ ಇತ್ತು ಎಂಬುದು. ಕೂಡುವುದು ಕಳೆಯುವುದು ಒಬ್ಬ ಮನುಷ್ಯನ ಬದುಕಿನೊಳಗೆ ಸಹಜ. ಇವತ್ತು ಹಲ್ಲು ಕೀಳಿಸಿಕೊಂಡು ನಾಳೆ ಸುಖವಾಗಿ ಉಣ್ಣುತ್ತೇನೆ. ನೋವೂ ನನ್ನದು, ಊಟವೂ ನನ್ನದು. ಒಬ್ಬರ ಹಲ್ಲು ಕಿತ್ತು ಇನ್ನೊಬ್ಬರಿಗೆ ಉಣಬಡಿಸಿದಾಗ ಆ ಗಣಿತ ಮುರಿಯುತ್ತದೆ, ಏಕೆಂದರೆ ನಷ್ಟವನ್ನೂ ಲಾಭವನ್ನೂ ಒಟ್ಟಿಗೆ ಅನುಭವಿಸುವ ‘ಊರು’ ಎಂಬ ಒಂದು ಜೀವ ಎಲ್ಲೂ ಇಲ್ಲ.

ಕರ್ತವ್ಯಪಕ್ಷದ ಆಕ್ಷೇಪ ಇನ್ನೊಂದು ದಿಕ್ಕಿನದು. ಕಳ್ಳರು ಕೊಂದರೆ ಪಾಪ ಕಳ್ಳರದು. ಅದನ್ನು ಕೌಶಿಕನ ಖಾತೆಗೆ ಬರೆದರೆ, ನಾಳೆ ಪ್ರತಿಯೊಬ್ಬ ದುಷ್ಟನೂ ನಮ್ಮ ಕೈಯಿಂದ ಬೇಕಾದ್ದನ್ನು ಮಾಡಿಸಬಹುದು ಎನ್ನುತ್ತಾರೆ. ನೀನು ಇದನ್ನು ಮಾಡದಿದ್ದರೆ ನಾನು ಇವರನ್ನು ಕೊಲ್ಲುತ್ತೇನೆ, ಹೊಣೆ ನಿನ್ನದು ಎನ್ನುವವನಿಗೆ ಕೊನೆಯಿಲ್ಲ. ಈ ಮಾತಿನ ಬಿಸಿ ಕರ್ನಾಟಕಕ್ಕೆ ಪುಸ್ತಕದಿಂದ ತಿಳಿಯಬೇಕಾಗಿಲ್ಲ. 2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ನಟ ಡಾ. ರಾಜ್‌ಕುಮಾರ್ ಅವರನ್ನು ಕಾಡುಗಳ್ಳ ವೀರಪ್ಪನ್ ಅಪಹರಿಸಿದ. ಅವನ ಬೇಡಿಕೆಗಳಲ್ಲಿ ಒಂದು, ಭಯೋತ್ಪಾದನೆ ತಡೆಯುವ ಟಾಡಾ ಕಾಯ್ದೆಯಡಿ ಸೆರೆಯಲ್ಲಿದ್ದ ತನ್ನ ಕಡೆಯವರೆನ್ನಲಾದವರ ಬಿಡುಗಡೆ. 1991ರ ಕಾವೇರಿ ಗಲಭೆಯ ನೆನಪಿದ್ದ ಸರ್ಕಾರಕ್ಕೆ, ಆ ಹಿರಿಯ ಜೀವಕ್ಕೆ ಏನಾದರೂ ಆದರೆ ಬೆಂಗಳೂರಿನ ಬೀದಿಗಳಲ್ಲಿ ತಮಿಳರ ಗತಿ ಏನೆಂಬ ಭಯ. ಶಾಂತಿ ಕಾಯುವುದಕ್ಕಾಗಿ ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಅದು ಮುಂದಾಯಿತು, ಮೈಸೂರಿನ ವಿಶೇಷ ನ್ಯಾಯಾಲಯ ಸಮ್ಮತಿಸಿತು. ಇದು ಶುದ್ಧ ಫಲದ ಲೆಕ್ಕ, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ.

ಆ ಲೆಕ್ಕವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ನೀತಿಶಾಸ್ತ್ರದ ಪಂಡಿತರಲ್ಲ. ವೀರಪ್ಪನ್‌ನ ತಂಡದ ಕೈಯಲ್ಲಿ ಸತ್ತ ಪೊಲೀಸ್ ಅಧಿಕಾರಿಯೊಬ್ಬರ ತಂದೆ. ಸರ್ಕಾರದ ಕೂಡುಕಳೆಯಲ್ಲಿ ಕಾಣೆಯಾಗಿದ್ದ ಸಾಲು ಅವರದು: ಮಗನನ್ನು ಕಳೆದುಕೊಂಡವನಿಗೆ ಸಲ್ಲಬೇಕಾದ ನ್ಯಾಯವನ್ನು ಅವನನ್ನು ಕೇಳದೆಯೇ ಒತ್ತೆಹಣವಾಗಿ ಕೊಡಲಾಗುತ್ತಿತ್ತು. ನವೆಂಬರ್ 7ರಂದು ಸುಪ್ರೀಂ ಕೋರ್ಟು ಆ ಸಮ್ಮತಿಯನ್ನು ರದ್ದುಮಾಡಿತು. ಮುಂದಿನ ವಾರ, 108 ದಿನಗಳ ನಂತರ, ರಾಜ್‌ಕುಮಾರ್ ಮನೆಗೆ ಬಂದರು. ಕೊನೆ ಸುಖವಾಯಿತೆಂಬ ಕಾರಣಕ್ಕೆ ಕೋರ್ಟು ಮಾಡಿದ್ದು ಸರಿ ಎನ್ನುವುದು ಮತ್ತೆ ಫಲದ ವಾದವೇ ಆಗುತ್ತದೆ. ಕೊನೆ ಬೇರೆಯಾಗಿದ್ದರೂ ಆ ತಂದೆಯ ಪ್ರಶ್ನೆ ಅಷ್ಟೇ ನ್ಯಾಯವಾಗಿರುತ್ತಿತ್ತು. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಆ ಬಂಧಿಗಳಲ್ಲಿ ಬಹುಪಾಲು ಜನ, ವರ್ಷಗಟ್ಟಲೆ ಸೆರೆಯಲ್ಲಿದ್ದ ಮೇಲೆ, 2001ರಲ್ಲಿ ನಿರ್ದೋಷಿಗಳೆಂದು ಹೊರಬಂದರು. ವೀರಪ್ಪನ್ ವಿರುದ್ಧದ ಕಾಡಿನ ಕಾರ್ಯಾಚರಣೆಯ ಖರ್ಚು ಅವರ ಲೆಕ್ಕದಲ್ಲೂ ಬರೆದಿತ್ತು, ಅವರ ಪರವಾಗಿ ಆಗ ಕೇಳಿದವರು ಕಡಿಮೆ. ಹಾಗಾಗಿ ಕರ್ತವ್ಯಪಕ್ಷದ ಆಕ್ಷೇಪಕ್ಕೆ ನನ್ನ ಉತ್ತರ ಅರ್ಧ ಒಪ್ಪಿಗೆ. ಬೆದರಿಸುವವನ ಪಾಪ ಬೆದರಿಸುವವನದೇ. ಆದರೆ ನನ್ನ ನಿಯಮಪಾಲನೆಯ ಬೆಲೆಯನ್ನು ಮೂರನೆಯವನು ತೆರುವಾಗ, ನಿಯಮ ದೊಡ್ಡದು ಎಂದಷ್ಟೇ ಹೇಳಿ ಕೈ ತೊಳೆದುಕೊಳ್ಳಲು ಬರುವುದಿಲ್ಲ. ಅವನ ಎದುರು ನಿಂತು ಕಾರಣ ಹೇಳುವ ಶಕ್ತಿ ಬೇಕು. ಕೌಶಿಕನಿಗೆ ಅಂಥ ಕಾರಣ ಇರಲಿಲ್ಲ, ಸುಪ್ರೀಂ ಕೋರ್ಟಿಗೆ ಇತ್ತು.

ಕಡೆಯ ಆಕ್ಷೇಪ ವ್ಯವಹಾರಸ್ಥರದು. ಬೆಲೆ ತೆರುವ ಪ್ರತಿಯೊಬ್ಬರನ್ನೂ ಕೇಳುತ್ತಾ ಕೂತರೆ ಸರ್ಕಾರ ನಡೆಯುವುದು ಹೇಗೆ, ಲಸಿಕೆ ಹಾಕುವುದು ಹೇಗೆ, ಅಣೆಕಟ್ಟು ಕಟ್ಟುವುದು ಹೇಗೆ? ಲಸಿಕೆಯ ಉತ್ತರ ಸುಲಭ. ಬಾಯಿಗೆ ಹಾಕುವ ಪೋಲಿಯೊ ಹನಿಯಿಂದ ಲಕ್ಷಾಂತರ ಡೋಸುಗಳಿಗೊಮ್ಮೆ ಮಗುವೊಂದಕ್ಕೆ ಪಾರ್ಶ್ವವಾಯು ಬರುವುದುಂಟು. ಆದರೆ ಹನಿ ಹಾಕಿಸಿಕೊಳ್ಳುವ ಪ್ರತಿ ಮಗುವಿಗೂ ಅಪಾಯ ಹೆಚ್ಚುಕಡಿಮೆ ಸಮ, ರಕ್ಷಣೆಯೂ ಸಮ. ಇದು ಚೀಟಿ ಎತ್ತಿದ ಹಾಗೆ. ಪಾರ್ಕರನ ದೋಣಿಯಲ್ಲಿ ಎತ್ತದೇ ಹೋದ ಚೀಟಿ. ಸೋತ ಮಗುವಿನ ಆಜೀವ ಹೊಣೆಯನ್ನು ಗೆದ್ದವರೆಲ್ಲ ಹೊರಬೇಕು ಎಂಬುದು ಆ ಒಪ್ಪಂದದ ಇನ್ನರ್ಧ, ಅದನ್ನು ನಾವು ಇನ್ನೂ ಸರಿಯಾಗಿ ಬರೆದಿಲ್ಲ. ಅಣೆಕಟ್ಟಿನ ಮಾತು ಬೇರೆ. ಅಲ್ಲಿ ಚೀಟಿ ಎತ್ತುವುದಿಲ್ಲ. ಯಾರ ಊರು ಮುಳುಗುತ್ತದೆ, ಯಾರ ಮನೆಗೆ ದೀಪ ಬರುತ್ತದೆ ಎಂಬುದು ನಕ್ಷೆ ಬರೆಯುವ ದಿನವೇ ಗೊತ್ತಿರುತ್ತದೆ. ಅಣೆಕಟ್ಟು ಕಟ್ಟಲೇಬಾರದು ಎಂದು ನಾನು ಹೇಳುತ್ತಿಲ್ಲ. ಆದರೆ ಗೊತ್ತಿದ್ದೂ ಒಬ್ಬರ ಖಾತೆಗೆ ಖರ್ಚು ಬರೆದಾಗ, ಪರಿಹಾರ ದಾನವಲ್ಲ, ಸಾಲ. ಸಾಲ ತೀರದೆ ಲಾಭದ ಲೆಕ್ಕ ಮುಗಿಯುವುದಿಲ್ಲ. 1894ರ ಭೂಸ್ವಾಧೀನ ಕಾಯ್ದೆಗೆ ಈ ಮಾತು ಅರ್ಥವಾಗಿರಲಿಲ್ಲ. 2013ರ ಕಾಯ್ದೆ ಖಾಸಗಿ ಯೋಜನೆಗಳಿಗೆ ಶೇಕಡಾ 80ರಷ್ಟು, ಸರ್ಕಾರಿ ಖಾಸಗಿ ಸಹಭಾಗಿತ್ವದವಕ್ಕೆ ಶೇಕಡಾ 70ರಷ್ಟು ಬಾಧಿತರ ಒಪ್ಪಿಗೆ ಬೇಕೆಂದಿತು. ಸರ್ಕಾರ ತಾನೇ ಕಟ್ಟುವ ಯೋಜನೆಗಳನ್ನು ಮಾತ್ರ ಒಪ್ಪಿಗೆಯ ಈ ನಿಯಮದಿಂದ ಹೊರಗಿಟ್ಟುಕೊಂಡಿತು. ಕೆರೆ ಕಟ್ಟಿಸುವ ಗೌಡ ಇಲ್ಲಿ ತಾನೇ ಕಾನೂನೂ ಬರೆದಿದ್ದಾನೆ.

ಶರಾವತಿಯ ಕಡೆ ನೋಡಿ. ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ನಿಂತ ನೀರಿನಿಂದ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು ತಿರುಗುತ್ತವೆ. ಸಾಮರ್ಥ್ಯ 1,035 ಮೆಗಾವ್ಯಾಟ್. ನಾಡಿನ ಕಾರ್ಖಾನೆಗಳೂ ಮನೆಗಳೂ ದಶಕಗಳ ಕಾಲ ಈ ಬೆಳಕಿನಲ್ಲಿ ಬದುಕಿದವು. ಈ ಮಾತು ಬಿತ್ತರವಾಗುವುದಕ್ಕೂ ಬೇಕಾದ ವಿದ್ಯುತ್ತಿನಲ್ಲಿ ಅದರ ಪಾಲಿದ್ದೀತು. ಮುಳುಗಡೆಯಾದ ಕುಟುಂಬಗಳನ್ನು ಶಿವಮೊಗ್ಗ ಜಿಲ್ಲೆಯ ಕಾಡುಭೂಮಿಗಳಿಗೆ ಕಳಿಸಲಾಯಿತು. ಆ ಭೂಮಿ ಸರ್ಕಾರದ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಅನುಮತಿಯಿಲ್ಲದೆ ಅದನ್ನು ಬಿಡಿಸಿಕೊಡಲು ರಾಜ್ಯಕ್ಕೆ ಬರದಾಯಿತು. ಕಾಡನ್ನು ಕಾಯುವ ಕರ್ತವ್ಯ, ಬೆಳಕು ಕೊಡುವ ಫಲ, ಎರಡೂ ಸೇರಿ ಒಂದೇ ಜನರ ಹೆಗಲ ಮೇಲೆ ಕುಳಿತ ಉದಾಹರಣೆ ಇದು. ಹಕ್ಕುಪತ್ರಕ್ಕಾಗಿ ಮೊಮ್ಮಕ್ಕಳು ಈಗಲೂ ಕಚೇರಿಗಳಿಗೆ ಅಲೆಯುತ್ತಿದ್ದಾರೆ. ಹಿನ್ನೀರು ಸುತ್ತುವರಿದು ನಡುಗಡ್ಡೆಯಂತಾದ ತುಮರಿಯ ಕಡೆಯ ಜನರಿಗೆ ಆಸ್ಪತ್ರೆಗಾಗಲಿ ಸಂತೆಗಾಗಲಿ ಸಾಗರದ ದಾರಿ ಎಂದರೆ ಸೇತುವೆ ಬರುವವರೆಗೆ ಅಂಬಾರಗೋಡ್ಲಿನ ಲಾಂಚೇ ಆಗಿತ್ತು, ಅದೂ ಹಗಲಿನ ಹೊತ್ತು. ಆ ಬದುಕನ್ನು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಬರೆದ ಸಾಗರದ ನಾ. ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡರು. ಲಿಂಗನಮಕ್ಕಿಯ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸೇತುವೆ ತೆರೆದದ್ದು 2025ರ ಜುಲೈ 14ರಂದು.